ಪ್ರಾಯೋಜಿಸುವವರು ಬಹಳ, ಓದಿಸುವವರು ಎಷ್ಟು?

ಮುಂಬಯಿಯ ಯಾವುದೇ ಕನ್ನಡ ಸಂಘ-ಸಂಸ್ಥೆಯ ವಾರ್ಷಿಕೋತ್ಸವದ ಆಮಂತ್ರಣ ಪತ್ರಿಕೆಯನ್ನು ಕೈಗೆತ್ತಿಕೊಂಡರೂ ಅದರ ಹಿಂಬದಿಯಲ್ಲಿ ಒಂದು ಪದ ಸಾಮಾನ್ಯವಾಗಿ ಕಾಣಸಿಗುತ್ತದೆ. ಊಟೋಪಚಾರದ ಪ್ರಾಯೋಜಕರು, ಸ್ಮರಣಿಕೆಗಳ ಪ್ರಾಯೋಜಕರು, ಧ್ವನಿವರ್ಧಕದ ಪ್ರಾಯೋಜಕರು, ವಿದ್ಯಾರ್ಥಿವೇತನದ ಪ್ರಾಯೋಜಕರು ಎಂದು ಪಟ್ಟಿ ಬೆಳೆಯುತ್ತಾ ಹೋಗುತ್ತದೆ. ಸಭೆಯಲ್ಲಿ ನಿರೂಪಕರ ಬಾಯಲ್ಲಿ ಇದೇ ಪದ ಕ್ರಿಯಾಪದವಾಗಿ ‘ಪ್ರಾಯೋಜಿಸಿದ್ದಾರೆ’ ಎಂದಾಗುತ್ತದೆ. ಉಪಾಹಾರದ ಇಡ್ಲಿ-ಸಾಂಬಾರಿಗೆ ಹಣ ಕೊಟ್ಟವರಿಗೂ ಅದೇ ಪದ, ತಂದೆಯಿಲ್ಲದ ಮಗುವಿನ ಶಾಲಾ ಶುಲ್ಕ ಕೊಟ್ಟವರಿಗೂ ಅದೇ ಪದ.

ಕೊಡುವ ಗುಣ ನಮ್ಮ ತುಳು-ಕನ್ನಡಿಗರಲ್ಲಿ ಧಾರಾಳವಾಗಿದೆ ಎಂಬುದರಲ್ಲಿ ಎರಡು ಮಾತಿಲ್ಲ. ಈ ಮಹಾನಗರದಲ್ಲಿ ನಮ್ಮ ಸಭಾಭವನಗಳು, ಶಾಲೆಗಳು, ದೇವಸ್ಥಾನಗಳು ಎದ್ದು ನಿಂತಿರುವುದೇ ಕೊಡುಗೈ ದಾನಿಗಳಿಂದ. ಆದರೆ ಕೊಟ್ಟದ್ದು ಏನು, ಎಷ್ಟು ಕಾಲದ ಮಟ್ಟಿಗೆ, ಯಾವ ಹೊಣೆಯೊಂದಿಗೆ ಎಂಬ ಮೂರು ಪ್ರಶ್ನೆಗಳನ್ನು ‘ಪ್ರಾಯೋಜಿಸು’ ಎಂಬ ಒಂದೇ ಪದ ಮರೆಮಾಡುತ್ತಿದೆ. ಊಟದ ವಿಷಯದಲ್ಲಿ ಇದರಿಂದ ಯಾರಿಗೂ ನಷ್ಟವಿಲ್ಲ. ಒಂದು ಮಗುವಿನ ವಿದ್ಯಾಭ್ಯಾಸದ ವಿಷಯದಲ್ಲಿ ಮಾತ್ರ ನಷ್ಟವಿದೆ. ಆದ್ದರಿಂದ ಈ ಕ್ರಿಯಾಪದದ ಅರ್ಥವೇನು, ಅದನ್ನು ಎಲ್ಲಿ ಬಳಸಬೇಕು, ಎಲ್ಲಿ ಬಳಸಬಾರದು ಎಂಬುದನ್ನು ಸಮಾಜ ಬಾಂಧವರು ಒಮ್ಮೆ ವಿಚಾರ ಮಾಡುವುದು ಒಳ್ಳೆಯದು.

ರೇಡಿಯೋದಿಂದ ವೇದಿಕೆಗೆ

ಈ ಪದ ನಮ್ಮ ಹಿರಿಯರು ಊರಿನಿಂದ ಗಂಟು ಕಟ್ಟಿಕೊಂಡು ತಂದದ್ದಲ್ಲ. 1952ರಿಂದ ರೇಡಿಯೋ ಸಿಲೋನಿನಲ್ಲಿ ಬರುತ್ತಿದ್ದ ‘ಬಿನಾಕಾ ಗೀತಮಾಲಾ’ ಹಳೆಯ ತಲೆಮಾರಿನ ಮುಂಬಯಿಗರಿಗೆ ನೆನಪಿರಬಹುದು. ಹಲ್ಲುಜ್ಜುವ ಪೇಸ್ಟಿನ ಹೆಸರೇ ಕಾರ್ಯಕ್ರಮದ ಹೆಸರಾಗಿತ್ತು. 1967ರಲ್ಲಿ ವಿವಿಧ ಭಾರತಿಯು ಮುಂಬಯಿ, ಪುಣೆ, ನಾಗಪುರ ಕೇಂದ್ರಗಳಿಂದ ಜಾಹೀರಾತು ಪ್ರಸಾರವನ್ನು ಆರಂಭಿಸಿತು. 1984ರಲ್ಲಿ ದೂರದರ್ಶನದ ‘ಹಮ್ ಲೋಗ್’ ಧಾರಾವಾಹಿ ಮ್ಯಾಗಿ ನೂಡಲ್ಸಿನ ಪ್ರಾಯೋಜಕತ್ವದಲ್ಲಿ ಮನೆಮನೆಗೆ ಬಂತು. ಪರದೆಯ ಮೇಲೆ ಹಿಂದಿಯಲ್ಲಿ ‘ಪ್ರಾಯೋಜಕ್’, ‘ಪ್ರಾಯೋಜಿತ್’ ಎಂಬ ಅಕ್ಷರಗಳು ದಿನನಿತ್ಯ ಕಂಡವು. ಕನ್ನಡ ಅದಕ್ಕೆ ತನ್ನ ‘ಇಸು’ ಪ್ರತ್ಯಯ ಸೇರಿಸಿ ‘ಪ್ರಾಯೋಜಿಸು’ ಎಂದು ಮಾಡಿಕೊಂಡಿತು.

ಅಲ್ಲಿ ಆ ಪದದ ಅರ್ಥ ಸ್ಪಷ್ಟವಾಗಿತ್ತು. ಕಂಪೆನಿ ಹಣ ಕೊಡುತ್ತದೆ, ಕಾರ್ಯಕ್ರಮದ ಜತೆಗೆ ಅದರ ಹೆಸರು ಬರುತ್ತದೆ. ಇದು ವ್ಯಾಪಾರ, ಇದರಲ್ಲಿ ತಪ್ಪೇನೂ ಇಲ್ಲ. ಕಾರ್ಯಕ್ರಮ ಜನರಿಗೆ ಹಿಡಿಸದಿದ್ದರೆ ಕಂಪೆನಿ ಮುಂದಿನ ತಿಂಗಳು ಹಿಂದೆ ಸರಿಯಬಹುದು. ಧಾರಾವಾಹಿ ಅರ್ಧಕ್ಕೆ ನಿಂತರೆ ನೋಡುಗರಿಗೆ ಸ್ವಲ್ಪ ಬೇಸರವಾಗಬಹುದು, ಅಷ್ಟೇ. ಒಬ್ಬ ವಿದ್ಯಾರ್ಥಿನಿಯ ಓದು ಅರ್ಧಕ್ಕೆ ನಿಂತರೆ ಆಗುವುದು ಬೇಸರವಲ್ಲ.

ಸಂಸ್ಕೃತ ವ್ಯಾಕರಣದಲ್ಲಿ ‘ಪ್ರಯೋಜಕ’ ಎಂಬ ಪದಕ್ಕೆ ಬೇರೆಯೇ ಸ್ಥಾನವಿದೆ. ಕೆಲಸ ಮಾಡುವವನು ಒಬ್ಬ, ಅವನಿಂದ ಆ ಕೆಲಸವನ್ನು ಮಾಡಿಸುವವನು ಇನ್ನೊಬ್ಬ. ಹೀಗೆ ಮಾಡಿಸುವವನಿಗೆ ಪಾಣಿನಿಯ ವ್ಯಾಕರಣದಲ್ಲಿ ಪ್ರಯೋಜಕ ಎಂದು ಹೆಸರು. ಅಂದರೆ ಕೆಲಸಕ್ಕೆ ಅವನೇ ಕಾರಣ. ಕನ್ನಡದಲ್ಲಿ ‘ಅಪ್ರಯೋಜಕ’ ಎಂಬ ಬೈಗುಳ ಎಲ್ಲರಿಗೂ ಗೊತ್ತಿದೆ. ಆದರೆ ಯಾವ ಕೆಲಸವೂ ಪೂರ್ತಿಯಾಗದಿದ್ದರೂ ಒಬ್ಬರು ‘ಪ್ರಾಯೋಜಕ’ರಾಗಿ ಶಾಲು ಹೊದೆಸಿಕೊಳ್ಳಲು ನಮ್ಮಲ್ಲಿ ಅಡ್ಡಿಯಿಲ್ಲ!

ಜಾಮೀನು ನಿಂತವನೇ ಸ್ಪಾನ್ಸರ್

ನಾವು ‘ಪ್ರಾಯೋಜಿಸು’ ಎಂದು ಕನ್ನಡಕ್ಕೆ ತಂದ ಇಂಗ್ಲಿಷಿನ ‘ಸ್ಪಾನ್ಸರ್’ ಪದದ ಮೂಲ ಇನ್ನೂ ಸ್ವಾರಸ್ಯಕರ. ಲ್ಯಾಟಿನ್ ಭಾಷೆಯಲ್ಲಿ ‘ಸ್ಪೊಂದೇರೆ’ ಎಂದರೆ ಗಂಭೀರವಾಗಿ ಮಾತು ಕೊಡುವುದು. ಪ್ರಾಚೀನ ರೋಮಿನ ಕಾನೂನಿನಲ್ಲಿ ಸ್ಪಾನ್ಸರ್ ಎಂದರೆ ಇನ್ನೊಬ್ಬನ ಸಾಲಕ್ಕೆ ಜಾಮೀನು ನಿಂತವನು. ಮುಂದೆ ಕ್ರೈಸ್ತರಲ್ಲಿ ಮಗುವಿನ ಜ್ಞಾನಸ್ನಾನದ ಸಮಯದಲ್ಲಿ ಅದರ ಪರವಾಗಿ ಮಾತು ಕೊಡುವ ಹಿರಿಯರಿಗೂ ಇದೇ ಹೆಸರು ಬಂತು. ಹೊಣೆಗಾರಿಕೆಗೆ ಇಂಗ್ಲಿಷಿನಲ್ಲಿರುವ ‘ರೆಸ್ಪಾನ್ಸಿಬಿಲಿಟಿ’ ಎಂಬ ಪದವೂ ಇದೇ ಬೇರಿನದು. ಇಪ್ಪತ್ತನೆಯ ಶತಮಾನದಲ್ಲಿ ಅಮೆರಿಕದ ರೇಡಿಯೋ ಕಾರ್ಯಕ್ರಮಗಳಿಗೆ ಸಾಬೂನು ಮೊದಲಾದ ಕಂಪೆನಿಗಳು ಹಣ ಕೊಡತೊಡಗಿದ ಮೇಲೆಯೇ ಆ ಪದಕ್ಕೆ ಜಾಹೀರಾತಿನ ಅರ್ಥ ಗಟ್ಟಿಯಾಗಿ ಅಂಟಿಕೊಂಡಿತು.

ಜಾಮೀನು ನಿಲ್ಲುವುದೆಂದರೆ ಏನೆಂದು ಬ್ಯಾಂಕಿನಲ್ಲಿ ಸಾಲ ಪಡೆದ ಪ್ರತಿಯೊಬ್ಬರಿಗೂ ಗೊತ್ತು. 1872ರ ಭಾರತೀಯ ಕರಾರು ಕಾಯಿದೆಯ 128ನೇ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ರೀತಿ ಬರೆದಿರದಿದ್ದರೆ, ಜಾಮೀನುದಾರನ ಹೊಣೆಯು ಸಾಲಗಾರನ ಹೊಣೆಯಷ್ಟೇ ಇರುತ್ತದೆ. ಸಹಿ ಹಾಕಿದ ದಿನ ಚಹಾ ಕುಡಿದು ಮನೆಗೆ ಹೋದರೆ ಮುಗಿಯುವುದಿಲ್ಲ. ಸಾಲ ತೀರುವವರೆಗೆ ಆ ಸಹಿ ಜೀವಂತವಾಗಿರುತ್ತದೆ. ಈ ಕಾರಣಕ್ಕಾಗಿಯೇ ವೇದಿಕೆಯಲ್ಲಿ ಹಾರ ಹಾಕಿಸಿಕೊಳ್ಳಲು ಮುಂದೆ ಬರುವವರೂ ಜಾಮೀನು ಸಹಿಗೆಂದರೆ ಎರಡು ಸಲ ಯೋಚಿಸುತ್ತಾರೆ.

ಬ್ಯಾಂಕ್ ವ್ಯವಹಾರದಲ್ಲಿ ‘ಪ್ರಾಯೋಜಕ ಬ್ಯಾಂಕ್’ ಎಂಬ ಮಾತೂ ಇದೆ. 1976ರ ಪ್ರಾದೇಶಿಕ ಗ್ರಾಮೀಣ ಬ್ಯಾಂಕುಗಳ ಕಾಯಿದೆಯಲ್ಲಿ ಇಂತಹ ಬ್ಯಾಂಕುಗಳ ಬಂಡವಾಳದಲ್ಲಿ ಕೇಂದ್ರ ಸರಕಾರಕ್ಕೆ ಶೇ. 50, ರಾಜ್ಯ ಸರಕಾರಕ್ಕೆ ಶೇ. 15, ಪ್ರಾಯೋಜಕ ಬ್ಯಾಂಕಿಗೆ ಶೇ. 35 ಪಾಲು ಎಂದು ಗೊತ್ತುಪಡಿಸಲಾಯಿತು. ಬಂಡವಾಳ ಕೊಟ್ಟರೆ ಸಾಲದು. ಸಿಬಂದಿಗೆ ತರಬೇತಿ ಕೊಡುವುದು, ಆರಂಭದ ಐದು ವರ್ಷ ಆಡಳಿತ ಮತ್ತು ಹಣಕಾಸಿನ ನೆರವು ನೀಡುವುದು ಪ್ರಾಯೋಜಕ ಬ್ಯಾಂಕಿನ ಕರ್ತವ್ಯ ಎಂದು ಆ ಕಾಯಿದೆ ಬರೆದಿಟ್ಟಿದೆ. ಕರ್ನಾಟಕದ ಎರಡು ಗ್ರಾಮೀಣ ಬ್ಯಾಂಕುಗಳು 2025ರ ಮೇ 1ರಂದು ವಿಲೀನಗೊಂಡು ಬಳ್ಳಾರಿಯನ್ನು ಕೇಂದ್ರ ಕಚೇರಿಯಾಗಿಸಿಕೊಂಡ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆದಾಗ ಕೆನರಾ ಬ್ಯಾಂಕ್ ಅದರ ಪ್ರಾಯೋಜಕ ಬ್ಯಾಂಕ್ ಆಯಿತು. ಇಲ್ಲಿ ಪ್ರಾಯೋಜಿಸುವುದೆಂದರೆ ಬ್ಯಾನರಿನಲ್ಲಿ ಹೆಸರು ಹಾಕಿಸಿಕೊಳ್ಳುವುದಲ್ಲ, ಪಾಲುದಾರನಾಗಿ ಹೊಣೆ ಹೊರುವುದು.

‘ಇಸು’ ಎಂಬ ಪುಟ್ಟ ಪ್ರತ್ಯಯ

ಹಾಗಾದರೆ ಹಣ ಕೊಟ್ಟು, ಹೊಣೆ ಹೊತ್ತು ಒಂದು ಕೆಲಸವನ್ನು ದಡ ಮುಟ್ಟಿಸುವುದಕ್ಕೆ ಕನ್ನಡದಲ್ಲಿ ಪದವೇ ಇರಲಿಲ್ಲವೇ? ಧಾರಾಳವಾಗಿ ಇತ್ತು, ಈಗಲೂ ಇದೆ. ಕೆರೆ ಕಟ್ಟಿಸು, ಬಾವಿ ತೋಡಿಸು, ಪೂಜೆ ಮಾಡಿಸು, ಮಗುವನ್ನು ಓದಿಸು ಎನ್ನುವಾಗ ‘ಇಸು’ ಎಂಬ ಪುಟ್ಟ ಪ್ರತ್ಯಯ ಆ ಕೆಲಸವನ್ನೆಲ್ಲ ಮಾಡುತ್ತದೆ. ‘ಅವನನ್ನು ಸೋದರಮಾವ ಓದಿಸಿದರು’ ಎಂದು ಊರಿನಲ್ಲಿ ಹೇಳಿದರೆ ಮಾವ ಒಂದು ದಿನ ನೋಟ್‌ಬುಕ್ ಕೊಟ್ಟು ಫೋಟೋ ತೆಗೆಸಿಕೊಂಡರು ಎಂದು ಯಾರೂ ತಿಳಿಯುವುದಿಲ್ಲ. ಶುಲ್ಕ ಕಟ್ಟಿದರು, ಅಂಕಪಟ್ಟಿ ನೋಡಿದರು, ನಪಾಸಾದಾಗ ಬೈದರು, ಪುನಃ ಪರೀಕ್ಷೆಗೆ ಕೂರಿಸಿದರು, ಕೆಲಸ ಸಿಗುವವರೆಗೆ ಜತೆಗಿದ್ದರು ಎಂಬುದೆಲ್ಲ ಆ ಒಂದು ಪದದಲ್ಲಿ ಬರುತ್ತದೆ.

ಕರಾವಳಿಯವರಿಗೆ ಇನ್ನೊಂದು ಉದಾಹರಣೆ ಹತ್ತಿರದ್ದು. ಕಟೀಲು ಮೊದಲಾದ ಮೇಳಗಳ ಹರಕೆಯ ಬಯಲಾಟವನ್ನು ಮನೆಯವರು ‘ಆಡಿಸುತ್ತಾರೆ’. ಆಟ ಆಡಿಸುವವರು ಮೇಳಕ್ಕೆ ಹಣ ಸಲ್ಲಿಸಿ ಎದುರಿನ ಕುರ್ಚಿಯಲ್ಲಿ ಕುಳಿತರೆ ಆಗುವುದಿಲ್ಲ. ಗದ್ದೆ ಹಸನು ಮಾಡಿಸಬೇಕು, ಚೌಕಿಗೆ ಜಾಗ ಕೊಡಬೇಕು, ಬಂದವರ ಊಟಕ್ಕೆ ಎಲೆ ಹಾಕಬೇಕು, ಮಂಗಳ ಹಾಡುವವರೆಗೆ ಎಚ್ಚರವಿರಬೇಕು. ಯಕ್ಷಗಾನವನ್ನು ‘ಪ್ರಾಯೋಜಿಸುವ’ ಮೊದಲು ನಮ್ಮವರು ಅದನ್ನು ‘ಆಡಿಸುತ್ತಿದ್ದರು’ ಎಂಬುದನ್ನು ಮರೆಯಬಾರದು.

ಈ ಕ್ರಿಯಾಪದದ ಹಳಮೆಗೆ ಕಲ್ಲಿನ ಸಾಕ್ಷಿಯಿದೆ. ಶ್ರವಣಬೆಳಗೊಳದಲ್ಲಿ ಸುಮಾರು ಕ್ರಿ.ಶ. 981ರಲ್ಲಿ ಗಂಗರ ಮಂತ್ರಿ ಚಾವುಂಡರಾಯ ನಿಲ್ಲಿಸಿದ ಗೊಮ್ಮಟ ಮೂರ್ತಿಯ ಪಾದಗಳ ಇಕ್ಕೆಲದಲ್ಲಿ ಕನ್ನಡ, ತಮಿಳು ಮತ್ತು ಮರಾಠಿಯಲ್ಲಿ ಚಿಕ್ಕ ಚಿಕ್ಕ ಶಾಸನಗಳಿವೆ. ಚಾವುಂಡರಾಯನ ಹೆಸರಿನ ಮುಂದೆ ಕನ್ನಡದಲ್ಲಿರುವ ಕ್ರಿಯಾಪದ ‘ಮಾಡಿಸಿದಂ’, ತಮಿಳಿನಲ್ಲಿ ‘ಸೆಯ್ವಿತ್ತಾನ್’, ಮರಾಠಿಯಲ್ಲಿ ‘ಕರವಿಯಲೇಂ’. ಮರಾಠಿಯ ಅತಿ ಹಳೆಯ ಬರಹಗಳಲ್ಲಿ ಒಂದೆಂದು ಮಹಾರಾಷ್ಟ್ರದ ವಿದ್ವಾಂಸರು ಹೆಮ್ಮೆಯಿಂದ ಹೇಳುವ ಸಾಲು ಕನ್ನಡ ನೆಲದ ಈ ಬೆಟ್ಟದ ಮೇಲಿದೆ ಎಂಬುದು ಮುಂಬಯಿ ಕನ್ನಡಿಗರು ನೆರೆಯ ಮರಾಠಿಗರೊಂದಿಗೆ ಹಂಚಿಕೊಳ್ಳಬೇಕಾದ ವಿಷಯ. ಮೂರು ಭಾಷೆಗಳೂ ‘ಹಣ ಕೊಟ್ಟನು’ ಎನ್ನಲಿಲ್ಲ, ‘ಮಾಡಿಸಿದನು’ ಎಂದವು. ಉಳಿ ಹಿಡಿದವರು ಶಿಲ್ಪಿಗಳು. ಆದರೆ ಮೂರ್ತಿ ಪೂರ್ತಿಯಾಗಿ ನಿಲ್ಲುವವರೆಗಿನ ಹೊಣೆ ಮಾಡಿಸಿದವನದ್ದಾಗಿತ್ತು. ಅರ್ಧಕ್ಕೇ ನಿಂತ ಕಲ್ಲಿನ ಕೆಳಗೆ ಯಾರೂ ‘ಮಾಡಿಸಿದಂ’ ಎಂದು ಕೆತ್ತಿಸಿಕೊಳ್ಳಲಾರರು.

ಮುಂಬಯಿಯಲ್ಲಿಯೇ ಇದಕ್ಕೆ ನಿದರ್ಶನಗಳಿಗೆ ಬರವಿಲ್ಲ. ಕಳೆದ ಶತಮಾನದಲ್ಲಿ ಊರಿನಿಂದ ಬರಿಗೈಯಲ್ಲಿ ಬಂದ ಹುಡುಗರು ಹಗಲು ಹೊಟೇಲು, ಕ್ಯಾಂಟೀನುಗಳಲ್ಲಿ ದುಡಿದು ಸಂಜೆ ಕನ್ನಡ ರಾತ್ರಿ ಶಾಲೆಗಳ ಮೆಟ್ಟಿಲು ಹತ್ತಿದರು. ಮೊಗವೀರ ಫ್ರೀ ನೈಟ್ ಹೈಸ್ಕೂಲಿನಂತಹ ಶಾಲೆಗಳಲ್ಲಿ ಕಲಿತು ಬ್ಯಾಂಕು, ರೈಲ್ವೆ, ವಕೀಲಿ, ಉದ್ಯಮ ಎಂದು ಬೆಳೆದವರ ದೊಡ್ಡ ತಲೆಮಾರೇ ಇದೆ. ಆ ಶಾಲೆಗಳನ್ನು ನಡೆಸಿದ ಸಂಸ್ಥೆಗಳೂ, ಸಂಜೆ ಹೊತ್ತು ಹುಡುಗನನ್ನು ಗಲ್ಲಾದಿಂದ ಎಬ್ಬಿಸಿ ಶಾಲೆಗೆ ಕಳುಹಿಸಿದ ಹೊಟೇಲು ಮಾಲಕರೂ ಅವರನ್ನು ಪ್ರಾಯೋಜಿಸಲಿಲ್ಲ, ಓದಿಸಿದರು.

ಕಾನೂನು ಕಂಡ ವ್ಯತ್ಯಾಸ

ಪದಗಳ ಈ ವ್ಯತ್ಯಾಸ ಬರೇ ಭಾಷಾಭಿಮಾನದ ಮಾತು ಎಂದು ತಳ್ಳಿಹಾಕುವವರು ಸರಕಾರದ ನಿಯಮಗಳನ್ನಾದರೂ ಗಮನಿಸಬೇಕು. 2013ರ ಕಂಪೆನಿ ಕಾಯಿದೆಯ 135ನೇ ಕಲಮಿನಲ್ಲಿ ದೊಡ್ಡ ಕಂಪೆನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ವೆಚ್ಚ ಮಾಡಬೇಕೆಂದಿದೆ. 2021ರ ಜನವರಿಯಲ್ಲಿ ಈ ನಿಯಮಗಳಿಗೆ ತಿದ್ದುಪಡಿ ತಂದಾಗ, ತಮ್ಮ ಸರಕು ಅಥವಾ ಸೇವೆಯ ಮಾರಾಟಕ್ಕೆ ಲಾಭವಾಗುವಂತೆ ಪ್ರಾಯೋಜಿಸಿದ ಚಟುವಟಿಕೆಗಳು ಈ ಲೆಕ್ಕಕ್ಕೆ ಸೇರುವುದಿಲ್ಲ ಎಂದು ಸ್ಪಷ್ಟವಾಗಿ ಬರೆಯಲಾಯಿತು. ಅಂದರೆ ಪ್ರಾಯೋಜಿಸುವುದು ಬೇರೆ, ಹೊಣೆ ಹೊರುವುದು ಬೇರೆ ಎಂದು ಕಾನೂನೇ ಒಪ್ಪಿಕೊಂಡಂತಾಯಿತು.

ಸರಕು ಮತ್ತು ಸೇವಾ ತೆರಿಗೆಯ ವಿಷಯದಲ್ಲಿ 2019ರ ಅಕ್ಟೋಬರ್ 11ರ ಸುತ್ತೋಲೆಯೂ ನಮ್ಮ ಸಂಘಗಳ ಪದಾಧಿಕಾರಿಗಳು ಓದಬೇಕಾದದ್ದು. ದತ್ತಿ ಸಂಸ್ಥೆಗೆ ಒಬ್ಬರು ದಾನ ಕೊಟ್ಟು, ಕೃತಜ್ಞತೆಗಾಗಿ ಅವರ ಹೆಸರನ್ನು ಮಾತ್ರ ಫಲಕದಲ್ಲಿ ಬರೆದು, ಅದರಲ್ಲಿ ಅವರ ವ್ಯಾಪಾರದ ಪ್ರಚಾರವಿಲ್ಲದಿದ್ದರೆ ಅದಕ್ಕೆ ಈ ತೆರಿಗೆ ಇಲ್ಲ ಎಂದು ಆ ಸುತ್ತೋಲೆ ತಿಳಿಸಿತು. ತಂದೆಯ ನೆನಪಿಗಾಗಿ ಮಗಳು ದೇವಸ್ಥಾನದ ಕೋಣೆಗೆ ಕೊಟ್ಟದ್ದು ದಾನ. ಅಂಗಡಿಯ ಹೆಸರು ಮೆರೆಸಲಿಕ್ಕಾಗಿ ಕೊಟ್ಟದ್ದು ಜಾಹೀರಾತು. ತೆರಿಗೆ ಅಧಿಕಾರಿ ನೋಡುವ ಈ ಅಂತರವನ್ನು ಸಂಘದ ರಶೀದಿ ಪುಸ್ತಕವೂ ನೋಡಬೇಕು. ದೇಣಿಗೆಯನ್ನು ಪ್ರಾಯೋಜಕತ್ವ ಎಂದೋ ಪ್ರಾಯೋಜಕತ್ವವನ್ನು ದೇಣಿಗೆ ಎಂದೋ ಬರೆದಿಟ್ಟರೆ ಲೆಕ್ಕಪರಿಶೋಧಕರ ಮುಂದೆ ಕೋಶಾಧಿಕಾರಿ ಬೆವರಬೇಕಾದೀತು.

ಲೆಕ್ಕ ಏನು ಹೇಳುತ್ತದೆ?

ಈಗ ಒಂದು ಸರಳ ಲೆಕ್ಕ. ಒಬ್ಬ ವಿದ್ಯಾರ್ಥಿನಿಯ ಕಾಲೇಜು ಶುಲ್ಕ ವರ್ಷಕ್ಕೆ 15,000 ರೂ. ಎಂದು ಇಟ್ಟುಕೊಳ್ಳೋಣ. ಮೂರು ವರ್ಷಕ್ಕೆ 45,000. ಪುಸ್ತಕ, ಪರೀಕ್ಷಾ ಶುಲ್ಕ, ರೈಲಿನ ಪಾಸು ಎಂದು ಇನ್ನೊಂದು 15,000 ಸೇರಿದರೆ ಒಟ್ಟು 60,000 ರೂ. ಆಯಿತು. ಸಂಘದ ವೇದಿಕೆಯಲ್ಲಿ ಅವಳಿಗೆ ಸಿಕ್ಕಿದ್ದು ಒಂದು ಸಲ 3,000 ರೂ. ಎಂದರೆ ಅದು ಅವಳ ಓದಿನ ಖರ್ಚಿನ ಶೇ. 5 ಮಾತ್ರ. ಉಳಿದ ಶೇ. 95ನ್ನು ಮನೆಗೆಲಸ ಮಾಡುವ ತಾಯಿಯೋ ರಾತ್ರಿ ಪಾಳಿಯಲ್ಲಿ ದುಡಿಯುವ ಅಣ್ಣನೋ ಹೊಂದಿಸುತ್ತಾರೆ. ಆದರೆ ಮರುದಿನದ ವರದಿಯಲ್ಲಿ ‘ವಿದ್ಯಾರ್ಥಿನಿಯ ಶಿಕ್ಷಣವನ್ನು ಪ್ರಾಯೋಜಿಸಿದರು’ ಎಂದು ಬಂದಿರುತ್ತದೆ. ಇನ್ನೂ ಮುಂದೆ ಹೋಗಿ ‘ದತ್ತು ಸ್ವೀಕರಿಸಿದರು’ ಎಂದು ಬರೆಯುವುದೂ ಉಂಟು. ಹೆತ್ತವರು ಎದುರಿನ ಸಾಲಿನಲ್ಲಿ ಕುಳಿತಿರುವಾಗಲೇ ಅವರ ಮಗುವನ್ನು ಇನ್ನೊಬ್ಬರು ದತ್ತು ಸ್ವೀಕರಿಸಿದರೆಂದು ಧ್ವನಿವರ್ಧಕದಲ್ಲಿ ಸಾರುವುದು ಎಷ್ಟು ಸರಿ?

3,000 ರೂಪಾಯಿ ಚಿಕ್ಕ ಮೊತ್ತ ಎಂದು ಹಳಿಯುವ ಉದ್ದೇಶ ಇಲ್ಲಿಲ್ಲ. ಜೂನ್ ತಿಂಗಳಲ್ಲಿ ಅದೇ ಹಣ ಒಂದು ಮನೆಗೆ ದೊಡ್ಡ ಆಸರೆಯಾಗಬಹುದು. 20 ಮಕ್ಕಳಿಗೆ ತಲಾ 3,000 ಹಂಚಬೇಕೇ, ಅಥವಾ ಅದೇ 60,000 ರೂಪಾಯಿಯಲ್ಲಿ ಒಬ್ಬಳನ್ನು ಪದವಿಯವರೆಗೆ ಓದಿಸಬೇಕೇ ಎಂಬುದು ಆಯಾ ಸಂಸ್ಥೆ ಕುಳಿತು ತೀರ್ಮಾನಿಸಬೇಕಾದ ವಿಷಯ, ಎರಡಕ್ಕೂ ಅದರದರ ಬೆಲೆಯಿದೆ. ಮೊದಲನೆಯದನ್ನು ಮಾಡಿ ಎರಡನೆಯದರ ಹೆಸರು ಇಟ್ಟುಕೊಂಡಾಗ ಮಾತ್ರ ತೊಂದರೆ. ಏಕೆಂದರೆ ಸಭೆಯಲ್ಲಿ ಕುಳಿತ ಇನ್ನೊಬ್ಬ ದಾನಿ ‘ಆ ಹುಡುಗಿಯದ್ದು ಆಯಿತಲ್ಲ, ಇನ್ನು ನಮ್ಮ ಅಗತ್ಯವಿಲ್ಲ’ ಎಂದು ಭಾವಿಸುತ್ತಾರೆ. ಎರಡನೆಯ ವರ್ಷದ ಶುಲ್ಕಕ್ಕೆ ತಾಯಿ ಪುನಃ ಸಂಘದ ಬಾಗಿಲಿಗೆ ಬಂದರೆ ‘ಕಳೆದ ವರ್ಷ ಕೊಟ್ಟಿದ್ದೇವಲ್ಲ’ ಎಂಬ ಉತ್ತರ ಸಿಗುತ್ತದೆ. ಹೆಚ್ಚಿನ ತಾಯಂದಿರು ಆ ಬಾಗಿಲಿಗೂ ಬರುವುದಿಲ್ಲ, ಸಂಕೋಚದಿಂದ ಮಗಳನ್ನು ಕೆಲಸಕ್ಕೆ ಕಳುಹಿಸುತ್ತಾರೆ.

ಹೆಸರು ಹಾಕದಿದ್ದರೆ ದಾನಿಗಳು ಮುಂದೆ ಬರುವುದಿಲ್ಲ ಎಂದು ಪದಾಧಿಕಾರಿಗಳು ಹೇಳುತ್ತಾರೆ. ಅವರ ಕಷ್ಟ ಅವರಿಗೇ ಗೊತ್ತು, ಆ ಮಾತಿನಲ್ಲಿ ಸತ್ಯವೂ ಇದೆ. ಸಭಾಗೃಹದ ಬಾಡಿಗೆ, ಕಲಾವಿದರ ಸಂಭಾವನೆ, ಸ್ಮರಣ ಸಂಚಿಕೆಯ ಮುದ್ರಣ ಇವೆಲ್ಲ ಬರೇ ಸದಸ್ಯತ್ವ ಶುಲ್ಕದಲ್ಲಿ ನಡೆಯುವಂಥವಲ್ಲ. ಹೊಟೇಲು, ಕ್ಯಾಟರಿಂಗ್, ಸಾರಿಗೆ ಉದ್ಯಮದ ನಮ್ಮವರು ಇವನ್ನು ಪ್ರಾಯೋಜಿಸಲಿ, ಅವರ ಹೆಸರು ದೊಡ್ಡ ಅಕ್ಷರದಲ್ಲಿ ಬರಲಿ, ವ್ಯಾಪಾರವೂ ಬೆಳೆಯಲಿ. ಪ್ರಾಯೋಜಿಸು ಎಂಬ ಪದಕ್ಕೆ ಅದು ಸರಿಯಾದ ಜಾಗ. ಓದಿಸುವ ಹೊಣೆ ಹೊತ್ತವರ ಹೆಸರನ್ನೂ ಬರೆಯಲಿ, ಅವರು ಅದಕ್ಕೆ ಅರ್ಹರು.

ದೀರ್ಘಕಾಲದ ಹೊಣೆ ಎಂದರೆ ಜನ ಹೆದರುತ್ತಾರೆ ಎಂಬ ಇನ್ನೊಂದು ವಾದವಿದೆ. ಹೊಣೆಗೆ ಮಿತಿ ಹಾಕಿಕೊಳ್ಳಲು ಯಾರ ಅಡ್ಡಿಯೂ ಇಲ್ಲ. ರೋಮಿನ ಸ್ಪಾನ್ಸರನ ಹೊಣೆಯೂ ಅವನ ವಾರಸುದಾರರ ತಲೆಗೆ ಹೋಗುತ್ತಿರಲಿಲ್ಲ, ಅವನೊಂದಿಗೇ ಮುಗಿಯುತ್ತಿತ್ತು. ಒಬ್ಬರಿಂದ ಆಗದಿದ್ದರೆ ನಾಲ್ವರು ಸೇರಿ ವರ್ಷಕ್ಕೆ ತಲಾ 5,000 ಹಾಕಿದರೆ ಮೇಲಿನ ಲೆಕ್ಕದ ವಿದ್ಯಾರ್ಥಿನಿಯ ಪದವಿ ಮುಗಿಯುತ್ತದೆ. ಹೀಗೆ ಹಲವರು ತಮ್ಮ ತಮ್ಮ ಪಾಲು ಹಾಕುವುದಕ್ಕೂ ಕನ್ನಡದಲ್ಲಿ ‘ವಂತಿಗೆ’ ಎಂಬ ಒಳ್ಳೆಯ ಪದವಿದೆ. ಗಣೇಶೋತ್ಸವಕ್ಕೆ ಮರಾಠಿ ನೆರೆಹೊರೆಯವರು ‘ವರ್ಗಣಿ’ ಎತ್ತಿದಂತೆ ಓದಿಗೂ ವಂತಿಗೆ ಎತ್ತಬಹುದು.

ಸಂಘ-ಸಂಸ್ಥೆಗಳು ಮಾಡಬಹುದಾದದ್ದು ಬಹಳ ಕಷ್ಟದ್ದಲ್ಲ. ಒಮ್ಮೆ ಕೊಟ್ಟದ್ದಕ್ಕೆ ‘ದೇಣಿಗೆ ನೀಡಿದರು’ ಎಂದೂ, ಹೆಸರಿಗಾಗಿ ಕೊಟ್ಟದ್ದಕ್ಕೆ ‘ಪ್ರಾಯೋಜಿಸಿದರು’ ಎಂದೂ, ಕೊನೆಯವರೆಗೆ ನಿಂತವರಿಗೆ ‘ಓದಿಸುತ್ತಿದ್ದಾರೆ’ ಎಂದೂ ಬರೆಯಬೇಕು. ‘ದತ್ತು’ ಎಂಬ ಪದವನ್ನು ಮಕ್ಕಳಿಲ್ಲದ ತಂದೆ-ತಾಯಿಗೂ ತಂದೆ-ತಾಯಿ ಇಲ್ಲದ ಮಕ್ಕಳಿಗೂ ಬಿಟ್ಟುಕೊಡಬೇಕು. ವಿದ್ಯಾರ್ಥಿಯ ಹೊಣೆ ಹೊತ್ತಾಗ ಎಷ್ಟು ವರ್ಷ, ವರ್ಷಕ್ಕೆ ಎಷ್ಟು, ಯಾವ ತಿಂಗಳಲ್ಲಿ ಎಂಬುದನ್ನು ಕಾರ್ಯಕಾರಿ ಸಮಿತಿಯ ಠರಾವಿನಲ್ಲಿ ನಮೂದಿಸಬೇಕು. ಹಣವನ್ನು ವೇದಿಕೆಯ ಲಕೋಟೆಯಲ್ಲಿ ಕೊಡುವ ಬದಲು ಶುಲ್ಕದ ಕೊನೆಯ ದಿನಾಂಕಕ್ಕೆ ಮೊದಲೇ ನೇರವಾಗಿ ಕಾಲೇಜಿನ ಖಾತೆಗೆ ಜಮೆ ಮಾಡಬೇಕು. ವಾರ್ಷಿಕ ಮಹಾಸಭೆಯ ವರದಿಯಲ್ಲಿ ಎಷ್ಟು ಮಕ್ಕಳಿಗೆ ಹಂಚಿದೆವು ಎಂಬುದರ ಜತೆಗೆ ಎಷ್ಟು ಮಕ್ಕಳ ಓದು ಪೂರ್ತಿಯಾಯಿತು ಎಂಬ ಒಂದು ಸಾಲೂ ಇರಬೇಕು. ಮಕ್ಕಳ ಹೆಸರು, ಫೋಟೋ ಅಗತ್ಯವಿಲ್ಲ, ಸಂಖ್ಯೆ ಸಾಕು.

ಮುಂಬರುವ ಶೈಕ್ಷಣಿಕ ವರ್ಷಕ್ಕೆ ವಿದ್ಯಾರ್ಥಿವೇತನದ ಅರ್ಜಿಗಳನ್ನು ಕರೆಯುವ ಮೊದಲು, ಕಳೆದ ಬಾರಿ ವೇದಿಕೆ ಹತ್ತಿದ ಮಕ್ಕಳಲ್ಲಿ ಯಾರು ಈಗಲೂ ತರಗತಿಯಲ್ಲಿದ್ದಾರೆ ಎಂದು ಪ್ರತಿಯೊಂದು ಸಂಸ್ಥೆಯೂ ದೂರವಾಣಿ ಮಾಡಿ ವಿಚಾರಿಸಲಿ. ಹಳೆಯ ಪಟ್ಟಿ ಕಾರ್ಯದರ್ಶಿಯ ಕಪಾಟಿನಲ್ಲೇ ಇರುತ್ತದೆ. ಅದರಲ್ಲಿ ಓದು ಬಿಟ್ಟ ಒಂದು ಹೆಸರು ಸಿಕ್ಕರೂ ಈ ವರ್ಷದ ಮೊದಲ ಹಣ ಅಲ್ಲಿಗೇ ಹೋಗಬೇಕು.